ಕೆಆರ್‌ಎಸ್ ನೀರಿನ ಫಾರ್ವರ್ಡ್ ಬಂದಾಗ ಮೊದಲು ಇದನ್ನು ನೋಡಿ

ಮಳೆಗಾಲ ಬಂದರೆ ಮಂಡ್ಯ, ಶ್ರೀರಂಗಪಟ್ಟಣದ ಗ್ರೂಪ್‌ಗಳಲ್ಲಿ ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟಿನ ಗೇಟು ತೆರೆದ ವಿಡಿಯೋ ಓಡಾಡುತ್ತೆ. ಎಷ್ಟೋ ಸಲ ವಿಡಿಯೋ ನಿಜವೇ, ವರ್ಷ ಮಾತ್ರ ಬೇರೆ. ಅದಕ್ಕೇ ಜನ ಸುಲಭವಾಗಿ ನಂಬ್ತಾರೆ.

ಮೊದಲು ಅಂಕಿ ನೋಡಿ. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). '130 ಅಡಿ ದಾಟಿದೆ' ಅಂತಿದ್ದರೆ ಅಲ್ಲಿಗೇ ಬಿಡಿ. ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಎಷ್ಟು ಘನ ಅಡಿ ಅಂತ), ಸಂಗ್ರಹ ಟಿಎಂಸಿಯಲ್ಲಿ ಇರಬೇಕು. ಇವನ್ನು ಕಲಸಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲ. ತಾರೀಕು ಇಲ್ಲದ ಮಟ್ಟಕ್ಕೆ ಬೆಲೆಯೇ ಇಲ್ಲ. ಆಯಾ ದಿನದ ಮಟ್ಟ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವೆಬ್‌ಸೈಟ್‌ನಲ್ಲಿ ಸಿಗುತ್ತೆ.

ವಿಡಿಯೋ ಆದರೆ, ಗೇಟು ಅಥವಾ ಬೋರ್ಡು ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಅಂಟಿಸಿದ ಬರಹ, ಲೋಗೋ ಕತ್ತರಿಸಿ ತೆಗೆದು, ಉಳಿದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ (ಚಿತ್ರ ಹಾಕಿ ಹುಡುಕುವ ಸೌಲಭ್ಯ) ಹಾಕಿ. ಬರಹ ಹಾಗೇ ಬಿಟ್ಟರೆ ಲೆನ್ಸ್ ಅಕ್ಷರವನ್ನೇ ಹುಡುಕಿಕೊಂಡು ಹೋಗಬಹುದು. ಒಂದರಲ್ಲಿ ಸಿಗದಿದ್ದರೆ ಬೇರೆ ಮೂರ್ನಾಲ್ಕು ಕಡೆ ನಿಲ್ಲಿಸಿ ಪ್ರಯತ್ನಿಸಿ, ಸಿಕ್ಕಿದ್ದರಲ್ಲಿ ಅತಿ ಹಳೇ ತಾರೀಕು ನೋಡಿ. ಏನೂ ಸಿಗಲಿಲ್ಲ ಅಂದರೆ ಹೊಸ ವಿಡಿಯೋ ಅಂತ ಅರ್ಥ ಅಲ್ಲ.

ಮಳೆ ಅಂತ ಶಾಲೆ ರಜೆಯ ಆದೇಶ ಫಾರ್ವರ್ಡ್ ಆಗಿ ಬಂದರೆ ಅದನ್ನು ದೊಡ್ಡದು ಮಾಡಿ, ಜಿಲ್ಲೆ, ಸಂಖ್ಯೆ, ತಾರೀಕು ಓದಿ. ತಾರೀಕಿನ ಅಂಕಿ ಮಾತ್ರ ಹೆಚ್ಚು ಕಪ್ಪಗೋ ಓರೆಯಾಗೋ ಇದ್ದರೆ ಹಳೇ ಪತ್ರ ತಿದ್ದಿರಬಹುದು; ಶಾಲೆಗೇ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು.

ನದಿ ಪಾತ್ರದವರು ಮಾತ್ರ, ತಾಲ್ಲೂಕು ಆಡಳಿತ ಮೈಕಿನಲ್ಲಿ ಎಚ್ಚರಿಕೆ ಕೊಟ್ಟರೆ ಲೆನ್ಸ್ ಹಿಡಿದು ಕೂರಬೇಡಿ, ದನಕರು ಬಿಚ್ಚಿಕೊಂಡು ಮೊದಲು ಮೇಲಕ್ಕೆ ಬನ್ನಿ.