ಹಳೇ ಸರ್ವರ್‌ನಿಂದ ಮೂರು ವಿಎಂ ಎತ್ತಿ ತಂದ ನನ್ನ ಅನುಭವ

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೂರು ವಿಎಂಗಳನ್ನು (ವರ್ಚುವಲ್ ಮಷಿನ್, ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಹಳೇ ಸರ್ವರ್‌ನಿಂದ ಇದ್ದ ಹಾಗೇ ಎತ್ತಿ ತಂದೆ; ಅವು ಎಂಟು ತಿಂಗಳಿಂದ ಹೊಸ ಮಷಿನ್‌ನಲ್ಲಿ ಓಡುತ್ತಿವೆ. ಒಂದು ಸಲವೂ ಕೈಕೊಟ್ಟಿಲ್ಲ. "ಅದು ಆಗೂ ಮಾತಲ್ಲ ತಮ್ಮಾ, ಎಲ್ಲಾ ಹೊಸದಾಗಿ ಹಾಕಿಬಿಡು" ಎಂದು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಇಬ್ಬರು ಹಿರಿಯರು ಹೇಳಿದ್ದರು. ಮಾಲೀಕರ ಕೈಯಲ್ಲಿ ಆಗಲೇ ಸುಮಾರು 2 ಲಕ್ಷ 80 ಸಾವಿರದ ಒಂದು ಕೊಟೇಶನ್ ಇತ್ತು. ನಾನು ಮುಗಿಸಿದ್ದು 70 ಸಾವಿರದ ಒಳಗೆ. ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ 34 ಸಾವಿರ, 1 ಟಿಬಿ ಎಸ್‌ಎಸ್‌ಡಿ ಎರಡು, ಅವಕ್ಕೆ 11 ಸಾವಿರದ ಹತ್ತಿರ. ಯುಪಿಎಸ್ ಬ್ಯಾಟರಿ, ಸ್ವಿಚ್ ಸೇರಿ ಆರೇಳು ಸಾವಿರ. ಉಳಿದ 18 ಸಾವಿರ ನನ್ನ ಕೂಲಿ.

ಹೊಸದಾಗಿ ಹಾಕುವ ಮಾತೇ ಇರಲಿಲ್ಲ. ಒಂದು ವಿಎಂನಲ್ಲಿ ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಪೇಜ್‌ಮೇಕರ್, ಯುನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟು, ಹನ್ನೆರಡು ವರ್ಷದ ಲಗ್ನಪತ್ರಿಕೆ ಡಿಸೈನುಗಳು. ಫಾಂಟಿನ ಸಿ.ಡಿ. ಎಂದೋ ಕಳೆದುಹೋಗಿದೆ, ಯುಎಸ್‌ಬಿ ಲಾಕ್ (ಚುಚ್ಚಿದರೆ ಮಾತ್ರ ಸಾಫ್ಟ್‌ವೇರ್ ಓಡುವ ಕೀಲಿ) ಮಾತ್ರ ಉಳಿದಿದೆ. ಬೇರೆ ಕಡೆ ಫೈಲ್ ತೆಗೆದರೆ ಅಕ್ಷರವೆಲ್ಲ ಚಿತ್ತುಚಿತ್ತು. ಇನ್ನೆರಡರಲ್ಲಿ ಒಂದು ಲೆಕ್ಕಪತ್ರದ ವಿಂಡೋಸ್ ಸರ್ವರ್ 2012 ಆರ್2, ಇನ್ನೊಂದು ಫೈಲ್ ಶೇರಿಂಗ್‌ಗೆ ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಮೂರೂ ವಿಎಂ ಓಡಿಸುವ ವಿಎಂವೇರ್‌ನ ಸಾಫ್ಟ್‌ವೇರ್ ಇಎಸ್‌ಎಕ್ಸ್‌ಐ 6.5 ಮೇಲಿದ್ದವು. ಹೋಗಬೇಕಾದದ್ದು ಅದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಪ್ರಾಕ್ಸ್‌ಮಾಕ್ಸ್‌ಗೆ.

ಮೊದಲ ಶನಿವಾರ ಪೂರ್ತಿ ಹಾಳಾಯಿತು. ಎಕ್ಸ್‌ಪಿ ಡಿಸ್ಕ್ ಸುಮಾರು 180 ಜಿಬಿ. ಅಲ್ಲಿದ್ದ ಸ್ವಿಚ್ 100 ಎಂಬಿಪಿಎಸ್‌ದು ಅಂತ ನೋಡಿರಲಿಲ್ಲ. ನಾಲ್ಕೂವರೆ ಗಂಟೆ ಕಾಪಿ ಆಯಿತು. ಗಿಗಾಬಿಟ್ ಸ್ವಿಚ್ ತಂದ ಮೇಲೆ ಅದೇ ಕೆಲಸ ಅರ್ಧ ಗಂಟೆ. ಅದಿರಲಿ, ಹೇಗೋ ಬೂಟ್ ಆಯಿತು ಅಂತ ಡಿಸೈನರ್ ಫೋಲ್ಡರ್ ತೆಗೆದರೆ, ಕೊನೆಯ ಲಗ್ನಪತ್ರಿಕೆ 2021ರದ್ದು! ಮಾಲೀಕರ ಮುಖ ಬಿಳಿಚಿಕೊಂಡಿತು. "ನಮ್ಮ ಡಿಸೈನ್ ಎಲ್ಲಾ ಹೋದ್ವು ಏನ್ರೀ?" ಎಂದರು. ಹೋಗಿರಲಿಲ್ಲ. ಯಾರೋ 2021ರಲ್ಲಿ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡಿಸ್ಕನ್ನು ಹಾಗೇ ಹಿಡಿದಿಡುವುದು) ತೆಗೆದು ಹಾಗೇ ಬಿಟ್ಟಿದ್ದರು. ಅಲ್ಲಿಂದ ಮುಂದಿನದೆಲ್ಲ ಬದಲಾವಣೆ ಮಾತ್ರ ಬರೆದಿಡುವ 000001 ಎಂಬ ಡೆಲ್ಟಾ ಫೈಲಿನಲ್ಲಿತ್ತು. ನಾನು ಬೇಸ್ ಡಿಸ್ಕ್ ಮಾತ್ರ ತಂದಿದ್ದೆ. ವಾಪಸ್ ಹೋಗಿ ಎರಡನ್ನೂ ಕೂಡಿಸಿ ಒಂದೇ ಡಿಸ್ಕ್ (ಕನ್ಸಾಲಿಡೇಟ್) ಮಾಡಿ ಮತ್ತೆ ಕಾಪಿ ಹಾಕಿದೆ. ಆ ದಿನದ ಕೂಲಿ ನಾನು ಕೇಳಲಿಲ್ಲ.

ಕನ್ಸಾಲಿಡೇಟ್ ಆದ ಡಿಸ್ಕ್ ಬಂದಾಗ ಇನ್ನೊಂದು ಕಾಟ. ನೀಲಿ ಸ್ಕ್ರೀನ್, 0x7ಬಿ, ಅಂದರೆ ವಿಂಡೋಸ್‌ಗೆ ತನ್ನ ಬೂಟ್ ಡಿಸ್ಕ್ ಸಿಗುತ್ತಿಲ್ಲ. ಮೊದಲ ಸಲ ಡಿಸ್ಕನ್ನು ಐಡಿಇ (ಡಿಸ್ಕ್ ಜೋಡಿಸುವ ಹಳೇ ವಿಧ) ಎಂದು ಕೊಟ್ಟಾಗ ಬೂಟ್ ಆಗಿತ್ತು. ಸ್ನ್ಯಾಪ್‌ಶಾಟ್ ತೆಗೆದ ಕಾಲಕ್ಕೆ ಆ ವಿಎಂ ಐಡಿಇ ಮೇಲೇ ಇತ್ತೇನೋ. ಈಗಿನದು ಎಲ್‌ಎಸ್‌ಐ ಸ್ಕಸಿ ಎಂಬ ಬೇರೆ ಡಿಸ್ಕ್ ಕಂಟ್ರೋಲರ್ ಮೇಲೆ. ಪ್ರಾಕ್ಸ್‌ಮಾಕ್ಸ್‌ನಲ್ಲೂ ಎಲ್‌ಎಸ್‌ಐ ಇದೆಯಲ್ಲ ಎಂದು ಅದನ್ನೇ ಆರಿಸಿದೆ. ಮತ್ತೆ ನೀಲಿ. ಹೆಸರು ಒಂದೇ, ಚಿಪ್ ಬೇರೆ. ವಿಎಂವೇರ್ ತೋರಿಸುವುದು 53ಸಿ1030, ಇಲ್ಲಿರುವುದು 53ಸಿ895ಎ. ಇದು ತಲೆಗೆ ಹೋಗಲು ನನಗೆ ಎರಡು ರಾತ್ರಿ ಹಿಡಿಯಿತು.

ಅಲ್ಲಿಂದ ನಾನು ದಾರಿ ತಿರುಗಿಸಿದೆ. ಹೊಸ ಮಷಿನ್‌ಗೆ ತಂದು ರಿಪೇರಿ ಮಾಡುವುದಲ್ಲ, ಹಳೇ ಮಷಿನ್‌ನಲ್ಲಿ ಓಡುತ್ತಿರುವಾಗಲೇ ಎಲ್ಲ ತಯಾರಿ ಮುಗಿಸುವುದು. ಎಕ್ಸ್‌ಪಿಗೆ ಅಲ್ಲೇ ಐಡಿಇ ಡ್ರೈವರ್ ತಯಾರಾಗಿಡುವ ಮರ್ಜ್‌ಐಡಿಇ ರಿಜಿಸ್ಟ್ರಿ ಫೈಲ್ ಹಾಕಿದೆ. ವಿಎಂ ಒಳಗೆ ಹಾಕಿದ್ದ ವಿಎಂವೇರ್ ಟೂಲ್ಸ್ ಸಾಫ್ಟ್‌ವೇರ್ ಅಲ್ಲೇ ತೆಗೆದೆ. ಇದನ್ನಂತೂ ಮರೆಯಬೇಡಿ, ಈಚೆ ಬಂದ ಮೇಲೆ ಅದರ ಅನ್‌ಇನ್‌ಸ್ಟಾಲರ್ ಓಡುವುದೇ ಇಲ್ಲ. ಶಟ್‌ಡೌನ್ ಮಾಡಿ ತಂದು ಐಡಿಇ ಕೊಟ್ಟೆ, ನೆಟ್‌ವರ್ಕಿಗೆ ಆರ್‌ಟಿಎಲ್ 8139 ಕಾರ್ಡ್ ಕೊಟ್ಟೆ. ಮೊದಲ ಬೂಟಿಗೇ ಡೆಸ್ಕ್‌ಟಾಪ್ ಬಂತು. ಆ ಹೊತ್ತಿನ ಖುಷಿ ಈಗಲೂ ಇದೆ.

ಸರ್ವರ್ 2012 ಆರ್2ಗೂ ಹಾಗೇ. ವರ್ಟ್‌ಐಓ (ಪ್ರಾಕ್ಸ್‌ಮಾಕ್ಸ್ ವಿಎಂಗೆ ಕೊಡುವ ಡಿಸ್ಕ್, ನೆಟ್‌ವರ್ಕ್ ಸಾಧನ) ಡ್ರೈವರ್ ಹೊಸ ಐಸೊದಿಂದ (ಸಿ.ಡಿ. ಇಮೇಜ್ ಫೈಲ್) ಹಾಕಲು ಹೋಗಿ ಒಂದು ದಿನ ಕಳೆದೆ. ಹಳೆಯ 0.1.189 ಕೆಲಸ ಮಾಡಿತು. ಮೊದಲು ಸಾಟಾ ಮೇಲೆ ಬೂಟ್, ಪಕ್ಕದಲ್ಲಿ 1 ಜಿಬಿಯ ಒಂದು ಖಾಲಿ ವರ್ಟ್‌ಐಓ ಸ್ಕಸಿ ಡಿಸ್ಕ್, ಡ್ರೈವರ್ ಕೂತ ಮೇಲೆ ಮುಖ್ಯ ಡಿಸ್ಕನ್ನು ಅದೇ ಕಂಟ್ರೋಲರ್‌ಗೆ ಬದಲಿಸುವುದು. ಐಪಿ ಹಾಕುವಾಗ "ಈ ಐಪಿ ಬೇರೆ ಅಡಾಪ್ಟರ್‌ಗೆ ಇದೆ" ಎಂದು ತಕರಾರು ಬರುತ್ತದೆ, ಅಲ್ವಾ? ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಹಳೇ ಕಾರ್ಡ್ ತೋರಿಸಿ ತೆಗೆದರೆ ಮುಗಿಯಿತು. ಲೆಕ್ಕದ ಸಾಫ್ಟ್‌ವೇರ್ ಮಷಿನ್ ಬದಲಾಗಿದೆ ಎಂದು ಮುನಿಸಿಕೊಳ್ಳದಂತೆ ಹಳೇ ಮ್ಯಾಕ್ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ), ಹಳೇ ಬಯೋಸ್ ಯುಯುಐಡಿ (ಮಷಿನ್ನಿನ ಗುರುತು ಸಂಖ್ಯೆ) ಎರಡನ್ನೂ ತಂದೆ. ಯುಯುಐಡಿಯನ್ನು ಸುಮ್ನೆ ಕಾಪಿ ಹೊಡೆದರೆ ಹೊಂದುವುದಿಲ್ಲ. ಅದನ್ನು ಬರೆಯುವ ಕ್ರಮ ಬೇರೆ. ಆ ಒಂದು ಮಾತು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನನ್ನ ಹೊಟ್ಟೆಪಾಡಿನದು.

ಸೆಂಟ್‌ಓಎಸ್‌ಗೆ ಹಳೇ ಕಡೆಯೇ ಡ್ರಾಕಟ್ ಎಂಬ ಕಮಾಂಡ್‌ನಲ್ಲಿ ವರ್ಟ್‌ಐಓ ಸೇರಿಸಿ, ಬೂಟ್ ಆಗುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಕಟ್ಟಿದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಎಸ್192 ಇದ್ದದ್ದು ಇಎನ್‌ಎಸ್18 ಆಯಿತು, ಸೆಟ್ಟಿಂಗ್‌ನಲ್ಲಿ ಹೆಸರು ತಿದ್ದಿದೆ. ಹತ್ತು ನಿಮಿಷದ ಕೆಲಸ.

ಎಲ್ಲ ಮುಗಿಯಿತು ಅಂದುಕೊಂಡಾಗ ಗಡಿಯಾರ ಕೆಟ್ಟಿತು. ಎಕ್ಸ್‌ಪಿ ವಿಎಂ ಮಾಡುವಾಗ ಓಎಸ್ ಟೈಪ್ "ಅದರ್" ಎಂದು ಬಿಟ್ಟಿದ್ದೆ. ಹಾಗಿದ್ದರೆ ಹೋಸ್ಟ್ (ವಿಎಂ ಓಡಿಸುವ ಮಷಿನ್) ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯ ಕೊಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ನಂಬುತ್ತದೆ. ಸರಿಯಾಗಿ ಐದೂವರೆ ಗಂಟೆ ಹಿಂದೆ. ಮದುವೆ ಸೀಸನ್, ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ರಾತ್ರಿ ಎರಡಕ್ಕೆ ಮಾಡಿದ ಜಾಬ್ ಎಲ್ಲ ಹಿಂದಿನ ದಿನದ ತಾರೀಖಿಗೆ ಬಿದ್ದವು. ಆರ್‌ಟಿಸಿಗೆ (ವಿಎಂನ ಗಡಿಯಾರಕ್ಕೆ) ಲೋಕಲ್ ಟೈಮ್ ಆನ್ ಮಾಡಿದೆ. ತಾರೀಖು ತಿದ್ದಲು ಅವರ ಗುಮಾಸ್ತರ ಜೊತೆ ಅರ್ಧ ದಿನ ಕೂತೆ.

ಯುಎಸ್‌ಬಿ ಲಾಕ್‌ನದ್ದು ಸಣ್ಣ ವಿಷಯವಾದರೂ ಹೇಳಬೇಕು. ಅಲ್ಲಿ ಎರಡು ಲಾಕ್ ಇದ್ದವು, ಫಾಂಟಿನದು ಮತ್ತು ಲೆಕ್ಕದ್ದು. ಎರಡೂ ಒಂದೇ ಕಂಪನಿಯವು, ವೆಂಡರ್ ಐಡಿ, ಡಿವೈಸ್ ಐಡಿ ಎರಡೂ ಒಂದೇ. ಐಡಿ ಮೇಲೆ ಕೊಟ್ಟರೆ ಯಾವುದು ಯಾರಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಪೋರ್ಟ್ ಮೇಲೆ ಕೊಟ್ಟೆ, ಎರಡೂ ಪೋರ್ಟಿಗೆ ಕೆಂಪು ಟೇಪ್ ಸುತ್ತಿದೆ.

ಇದರ ನಡುವೆ ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ನನ್ನ ಹತ್ತಿರ ಒಂದು ಎಎಮ್‌ಡಿ, ಒಂದು ಇಂಟೆಲ್ ಮಷಿನ್ ಇವೆ. ಸಿಪಿಯು ಟೈಪ್ "ಹೋಸ್ಟ್" (ಮಷಿನ್ನಿನ ಅಸಲಿ ಸಿಪಿಯುವನ್ನೇ ವಿಎಂಗೆ ತೋರಿಸುವುದು) ಇಟ್ಟು ಓಡುತ್ತಿರುವ ವಿಎಂ ಒಂದರಿಂದ ಇನ್ನೊಂದಕ್ಕೆ ತಳ್ಳಿದರೆ ಪ್ರತಿ ಸಲ ಸತ್ತಿತು. ಕೆವಿಎಂ64 ಎಂಬ ಸಾದಾ ಟೈಪ್ ಇಟ್ಟರೆ ಆರರಲ್ಲಿ ನಾಲ್ಕು ಸಲ ದಾಟಿತು. ಆದರೆ ಅದೇ ಟೈಪ್‌ನಲ್ಲಿ ಆಲ್ಮಾಲಿನಕ್ಸ್ 9 ಬೂಟೇ ಆಗುವುದಿಲ್ಲ, ಅದಕ್ಕೆ ಎಕ್ಸ್86-64-ವಿ2 ಮಟ್ಟದ ಸಿಪಿಯು ಬೇಕು. ವಿಎಂ ಶಟ್‌ಡೌನ್ ಮಾಡಿ ಸಾಗಿಸುವುದೇ ನನಗೆ ಒಪ್ಪಿಗೆ.

ಪ್ರಾಕ್ಸ್‌ಮಾಕ್ಸ್ 8.2ರಿಂದ ಇಎಸ್‌ಎಕ್ಸ್‌ಐ ವಿಎಂಗಳನ್ನು ನೇರ ಇಂಪೋರ್ಟ್ ಮಾಡಬಹುದು. ಚೆನ್ನಾಗಿದೆ, ಡಿಸ್ಕ್ ತಂದುಕೊಡುತ್ತದೆ. ಒಳಗಿನ ಡ್ರೈವರ್ ತಯಾರಿ ಮಾತ್ರ ನಮ್ಮದೇ.

ಹಳೇ ಸರ್ವರ್ ಇನ್ನೂ ಪ್ರೆಸ್ಸಿನ ಮೂಲೆಯಲ್ಲೇ ಇದೆ. ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟಿದ್ದೇನೆ. ಎರಡೂ ಕಡೆ ಒಂದೇ ಮ್ಯಾಕ್, ಒಂದೇ ಐಪಿ. ದೀಪಾವಳಿ ಲೆಕ್ಕ ಮುಗಿದ ಮೇಲೆ ಅದರ ಡಿಸ್ಕ್ ಬಿಚ್ಚಿ ಮಾಲೀಕರ ಬೀರುವಿನಲ್ಲಿ ಇಡಿಸುತ್ತೇನೆ.