ಹಾಲಿನ ಲೆಕ್ಕದ ಆ್ಯಪ್ ಮತ್ತು ಜೋಡಿ ಪರೀಕ್ಷೆ: ನನ್ನ ಅನುಭವ

ಹಾಲು ಉತ್ಪಾದಕರು ಬಟವಾಡೆಯ ಲೆಕ್ಕ ನೋಡಿಕೊಳ್ಳುವ ಆ್ಯಪ್ ಒಂದಕ್ಕಾಗಿ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ನಾನು ಬಳಕೆದಾರರನ್ನು ಜೋಡಿಯಾಗಿ ಕೂರಿಸಿ ನಡೆಸಿದ ಅಧ್ಯಯನ ಫಲ ಕೊಟ್ಟಿದೆ. ಇಬ್ಬರನ್ನು ಒಟ್ಟಿಗೆ ಕೂರಿಸಿದರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಿಕೊಳ್ಳುತ್ತದೆ, ಅಂಥ ಮಾಹಿತಿಗೆ ಬೆಲೆಯಿಲ್ಲ ಎಂದು ಆ್ಯಪ್ ಮಾಡಿಸಿದವರೂ ನನ್ನ ಸಹೋದ್ಯೋಗಿಗಳಲ್ಲಿ ಕೆಲವರೂ ಕಡೆಯವರೆಗೆ ವಾದಿಸಿದ್ದರಿಂದ, ನಡೆದದ್ದನ್ನು ಬರೆದಿಡಬೇಕೆನಿಸಿತು.

ಮೊದಲ ಸುತ್ತು ಅವರ ಇಷ್ಟದಂತೆಯೇ, ಒಬ್ಬೊಬ್ಬರನ್ನೇ ಕೂರಿಸಿ ನಡೆಯಿತು. ಪಟ್ಟಣದಲ್ಲಿ ಕೊಠಡಿ, ಎರಡು ಕ್ಯಾಮೆರಾ, ಜನರನ್ನು ಕರೆತರಲು ಗಾಡಿ, ಊಟ, ಎಲ್ಲ ಸೇರಿ ಲಕ್ಷದ ಹತ್ತಿರ ಕೈಬಿಟ್ಟು ಹೋಯಿತು. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದರೆ, ಬೆರಳು ಪರದೆಯ ಮೇಲೆ ನಿಂತುಬಿಡುತ್ತಿತ್ತೇ ಹೊರತು 'ಚೆನ್ನಾಗದೆ ಸಾರ್' ಎಂಬುದರಾಚೆಗೆ ಮಾತು ಹೊರಡುತ್ತಿರಲಿಲ್ಲ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ, ಬಳಕೆ ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಕೇಳಿದೆವು. ಅದರ ಹತ್ತು ಹೇಳಿಕೆಗಳಲ್ಲಿ ಒಂದು ಹೊಗಳಿದರೆ ಮುಂದಿನದು ತೆಗಳುತ್ತದೆ. ನಮ್ಮವರು ಮರ್ಯಾದೆಗೆ ಎರಡಕ್ಕೂ 'ಹೌದು' ಎಂದರು. 1ರಿಂದ 5ರ ಅಳತೆಯಲ್ಲಿ ಎಲ್ಲಕ್ಕೂ 4 ಗುರುತು ಹಾಕಿದರೆ ಬೆಸ ಹೇಳಿಕೆಗೆ (4ರಲ್ಲಿ 1 ಕಳೆದು) 3, ಸಮ ಹೇಳಿಕೆಗೆ (5ರಲ್ಲಿ 4 ಕಳೆದು) 1 ಸಿಕ್ಕಿ, ಒಟ್ಟು 20ನ್ನು 2.5ರಿಂದ ಗುಣಿಸಿದಾಗ 50 ಬರುತ್ತದೆ. ನಮಗೆ ಬಂದ ಅಂಕಗಳೆಲ್ಲ ಆ 50ರ ಸುತ್ತಲೇ ಇದ್ದವು, ಅಂದರೆ ಅವು ಆ್ಯಪಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ.

ಹೊಲಿಗೆ ಯಂತ್ರ ಹೇಗೆ ಹೊಲಿಯುತ್ತದೆ ಎಂಬುದನ್ನು ಇಬ್ಬಿಬ್ಬರು ಮಾತಾಡಿಕೊಂಡು ಅರ್ಥಮಾಡಿಕೊಳ್ಳುವ ಬಗೆಯನ್ನು ಜಪಾನಿನ ಸಂಶೋಧಕಿ ನಾವೊಮಿ ಮಿಯಾಕೆ ಅಧ್ಯಯನ ಮಾಡಿ 1986ರಲ್ಲೇ ಪ್ರಕಟಿಸಿದ್ದರು. ಅದನ್ನೇ ಹಿಡಿದು, ಸಂಜೆ ಹಾಲು ಹಾಕಿ ಬಂದವರನ್ನು ಡೇರಿಯ ಜಗಲಿಯಲ್ಲೇ ಜೋಡಿಯಾಗಿ ಕೂರಿಸಿ, ಒಂದೇ ಫೋನ್ ಕೊಟ್ಟು, ಸ್ವಲ್ಪ ಬಳಸಿ ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡಲಿ ಎಂದೆ. ನಾನು ಎದುರಿಗೆ ಕೂರದೆ ಹಿಂದೆ ಸರಿದು ಕೂತೆ. ಒಬ್ಬ ಹೆಣ್ಣುಮಗಳು ಪಕ್ಕದ ಮನೆಯಾಕೆಗೆ, 'ಮೇಲಿಂದು ನೋಡ್ಬ್ಯಾಡ ಕಣಕ್ಕ, ಹೊಸದು ಕೆಳಗಿರ್ತದೆ, ಮೊದ್ಲು ಫ್ಯಾಟ್ ನೋಡು, ಆಮೇಲೆ ದುಡ್ಡು' ಎಂದು ಹೇಳಿಕೊಟ್ಟಳು. ಆ್ಯಪಿನಲ್ಲಿ ಹೊಸ ಬಟವಾಡೆ ಇದ್ದದ್ದು ಮೇಲೆ. ಡೇರಿಯ ಪಾಸ್‌ಪುಸ್ತಕದಲ್ಲಿ ದಿನದಿಂದ ದಿನಕ್ಕೆ ಸಾಲು ಕೆಳಗಿಳಿಯುವುದರಿಂದ, ಆಕೆ ಹಳೆಯ ವಾರದ ಹಣವನ್ನೇ ಈ ವಾರದ್ದೆಂದು ಓದುತ್ತಿದ್ದಳು. ಹಾಲಿನ ದರ ನಿಂತಿರುವುದೇ ಫ್ಯಾಟ್ ಎಂಬ ಕೊಬ್ಬಿನಂಶ ಮತ್ತು ಕೊಬ್ಬಲ್ಲದ ಘನಾಂಶವಾದ ಎಸ್‌ಎನ್‌ಎಫ್ ಮೇಲೆ. ಅವೆರಡೂ ಇನ್ನೊಂದು ಪುಟದಲ್ಲಿ ಅಡಗಿದ್ದವು.

ಯಾರೊಂದಿಗೆ ಯಾರು ಎಂಬುದರಲ್ಲೇ ಈ ವಿಧಾನದ ಅಳಿವು ಉಳಿವು ಇದೆ. ಅತ್ತೆ ಸೊಸೆ ಕೂತರೆ ಸೊಸೆ ಮೌನ. ತಾಯಿ ಮಗ ಕೂತರೆ ಫೋನು ಮಗನ ಕೈಗೆ ಹೋಗಿಬಿಡುತ್ತದೆ. ಓರಗೆಯ ನೆರೆಯವರು ಸರಿಹೋಗುತ್ತಾರೆ. ಜೋಡಿ ಆರಿಸುವ ಮುನ್ನ ನಾನು ಡೇರಿ ಕಾರ್ಯದರ್ಶಿಗೆ ಕೇಳುವ ಒಂದು ಪ್ರಶ್ನೆಯಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಇನ್ನೊಂದನ್ನೂ ಪರೀಕ್ಷಿಸಿದೆ. ಭಾಗವಹಿಸಿದ್ದಕ್ಕೆ ತಲಾ ಮುನ್ನೂರು ರೂಪಾಯಿಯನ್ನು ಕೊನೆಯಲ್ಲಿ ಕೊಟ್ಟಾಗ ಹೊಗಳಿಕೆಯೇ ಹೆಚ್ಚು. ಮೊದಲೇ ಕೈಗಿತ್ತು, ಏನು ಹೇಳಿದರೂ ಇದು ನಿಮ್ಮದೇ ಎಂದಾಗ ದೂರುಗಳು ಬಂದವು. ಜೋಡಿ ಸುತ್ತಿನ ಒಟ್ಟು ಖರ್ಚು ಇಪ್ಪತ್ತೈದು ಸಾವಿರ ದಾಟಿರಲಾರದು.

ಮಾತು ಅಂಟಿಕೊಳ್ಳುತ್ತದೆ ಎಂಬ ಆಕ್ಷೇಪ ಮತ ಎಣಿಸುವ ಸಮೀಕ್ಷೆಗೆ ಸಲ್ಲುತ್ತದೆ. ಬೆರಳು ಎಲ್ಲಿ ತಡವರಿಸಿತು, ವಿವರಣೆ ಎಲ್ಲಿ ತಪ್ಪಿತು ಎಂಬುದನ್ನು ಹುಡುಕುವವರಿಗೆ ಆ ಅಂಟಿಕೊಳ್ಳುವಿಕೆಯೇ ಬೇಕಾದ ಸರಕು, ಏಕೆಂದರೆ ಊರಿನಲ್ಲಿ ಆ್ಯಪ್ ಕಲಿಯುವುದೂ ಹೀಗೆ ಒಬ್ಬರಿಂದೊಬ್ಬರು. ಸಾಲುಗಳ ಕ್ರಮ ತಿರುಗಿಸಿ, ಫ್ಯಾಟನ್ನು ಹಣದ ಪಕ್ಕಕ್ಕೇ ತಂದ ಮೇಲೆ 'ದುಡ್ಡು ಬಂದಿಲ್ಲ' ಎಂದು ಬರುತ್ತಿದ್ದ ಕರೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಇದನ್ನೇ ವಿಡಿಯೊ ಕರೆಯಲ್ಲಿ ಮಾಡಿಸಲು ಹೋದಾಗ ಮಾತ್ರ ಕೈಗೂಡಲಿಲ್ಲ: ಇಬ್ಬರ ಕೈಯಲ್ಲೂ ಬೇರೆ ಬೇರೆ ಫೋನ್ ಇದ್ದರೆ ಒಬ್ಬರ ಬೆರಳು ಇನ್ನೊಬ್ಬರಿಗೆ ಕಾಣುವುದಿಲ್ಲ, ಹೇಳಿಕೊಡುವ ಮಾತೂ ಅಲ್ಲಿಗೇ ನಿಲ್ಲುತ್ತದೆ.