ಭೂಪಟದ ಮೇಲೆ ಒಂದು ಗೆರೆ ಎಳೆದು ಸೀಮೆಯನ್ನು ಓದುವುದು ಹೇಗೆ

ಒಂದು ಸೀಮೆಯ ಜನ ಯಾಕೆ ಹಾಗೆ ಬದುಕುತ್ತಾರೆ, ಅಲ್ಲಿ ಯಾಕೆ ಆ ವ್ಯಾಪಾರ, ಸರ್ಕಾರ ಯಾಕೆ ಅಲ್ಲೇ ನೌಕಾನೆಲೆ ಕಟ್ಟಿತು, ಇದೆಲ್ಲ ತಿಳಿಯಬೇಕಾದರೆ ಮೊದಲು ಭೂಪಟ ತೆಗೆಯಿರಿ. ಜಿಲ್ಲೆಗಳಿಗೆ ಬಣ್ಣ ಬಳಿದ ಭೂಪಟ ಬೇಡ. ಬೆಟ್ಟ, ಕಣಿವೆ, ಹೊಳೆ ಕಾಣುವಂಥದ್ದು ಬೇಕು. ಗೂಗಲ್ ಅರ್ಥ್ ಪ್ರೋದಲ್ಲಿ ಗೆರೆ ಎಳೆದರೆ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತಲೂ ತೋರಿಸುತ್ತದೆ.

ಗೆರೆಯನ್ನು ಬೆಟ್ಟಸಾಲಿಗೆ ಅಡ್ಡವಾಗಿ ಎಳೆಯಿರಿ, ಬೆಟ್ಟಸಾಲಿನ ಉದ್ದಕ್ಕಲ್ಲ. ನಾನು ಉಡುಪಿ ಪಕ್ಕದ ಮಲ್ಪೆಯಿಂದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಳೆಯುತ್ತೇನೆ. 250 ಕಿ.ಮೀ. ಒಳಗೇ ಕಡಲು, ಘಟ್ಟ, ಮಲೆನಾಡು, ಬಯಲುಸೀಮೆ ಎಲ್ಲ ಸಿಗುತ್ತವೆ. ಗೆರೆಯ ಮೇಲಿನ ಪ್ರತಿ ಊರಿಗೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ ಯಾವ ಕೆಲಸ ಸಲೀಸು, ಯಾವುದು ದುಬಾರಿ?

ಮೊದಲು ಮಳೆ ನೋಡಿ. ಗೆರೆ ಘಟ್ಟ ಹತ್ತುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ, ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಕಡಲಿನಿಂದ ಬಂದ ಮೋಡ ಘಟ್ಟ ಹತ್ತುವಾಗಲೇ ಹೆಚ್ಚಿನ ನೀರು ಸುರಿಸಿಬಿಡುತ್ತದೆ, ಆಚೆಗೆ ಉಳಿಯುವುದು ಕಮ್ಮಿ. ಈ ವ್ಯತ್ಯಾಸ ಕಣ್ಣಾರೆ ಕಾಣಬೇಕಾದರೆ ಸೂರು ನೋಡಿ. ಕರಾವಳಿಯಲ್ಲಿ ಇಳಿಜಾರಿನ ಹಂಚಿನ ಮಾಡು, ನೀರು ನಿಲ್ಲಲೇಬಾರದು. ಆ ಹಂಚಿಗೆ ಬೇಕಾದ ಜೇಡಿಮಣ್ಣು ನೇತ್ರಾವತಿ ದಂಡೆಯಲ್ಲೇ ಇತ್ತು, ಸಾಗಿಸಲು ಕಡಲಿತ್ತು. ಹಾಗಾಗಿಯೇ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ಚಿತ್ರದುರ್ಗದ ಕಡೆ ಹೋದರೆ ಚಪ್ಪಟೆ ಮಣ್ಣಿನ ಮಾಳಿಗೆ. ಅದರ ಮೇಲೆಯೇ ಶೇಂಗಾ, ಮೆಣಸಿನಕಾಯಿ ಒಣಗಿಸುತ್ತಾರೆ. ಆಗುಂಬೆಯಲ್ಲಿ ಅಂಥ ಮಾಳಿಗೆ ಒಂದು ಮಳೆಗಾಲ ತಡೆಯಲಿಕ್ಕಿಲ್ಲ.

ಆಮೇಲೆ ಕ್ಯಾಲೆಂಡರ್ ನೋಡಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಮೇ ಕೊನೆಗೆ ತುಳುನಾಡಿನ ಪತ್ತನಾಜೆ ದಿನ ಬಂತೆಂದರೆ ಯಕ್ಷಗಾನ ಮೇಳಗಳೂ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳಿಗೆ ನಡೆಯುವ ಕೋಲ ನೇಮಗಳೂ ನಿಲ್ಲುತ್ತವೆ. ಬಯಲಲ್ಲಿ ಆಡುವ ಆಟ, ಆ ಮಳೆಯಲ್ಲಿ ಹೇಗೆ ಸಾಧ್ಯ ಅಲ್ವಾ? ಅದೇ ತಿಂಗಳುಗಳಲ್ಲಿ ತೀರ್ಥಹಳ್ಳಿ ಕಡೆ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೆದರಿ, ಮಳೆ ಬಿಡುವು ಕೊಟ್ಟ ಹೊತ್ತು ನೋಡಿಕೊಂಡು ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಹೊಡೆಸುತ್ತಿರುತ್ತಾರೆ.

ಮೂರನೆಯದು, ನೀರು ಯಾವ ಕಡೆ ಹರಿಯುತ್ತದೆ ಅಂತ ಬೆರಳಿಟ್ಟು ಹುಡುಕಿ. ಆಗುಂಬೆಯ ಪಶ್ಚಿಮಕ್ಕೆ ಬಿದ್ದ ನೀರು ಸೀತಾ ನದಿ ಸೇರಿ ಹತ್ತಿರದ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ತುಂಗೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ತನಕ ಹೋಗುತ್ತದೆ. ಪೂರ್ವಕ್ಕೆ ಹೋಗುವ ನೀರಿಗೆ ಕೆಳಗಿನ ರಾಜ್ಯಗಳೂ ಹಕ್ಕುದಾರರು. ಕೃಷ್ಣೆ, ಕಾವೇರಿ ವ್ಯಾಜ್ಯಗಳ ಬೇರು ಇಲ್ಲೇ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಕಾವೇರಿಯಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ನಿಗದಿ ಮಾಡಿದ್ದೂ ಈ ಇಳಿಜಾರಿನ ಕತೆಯ ಒಂದು ಕಂತು.

ಈಗ ದಾರಿ. ಘಟ್ಟ ದಾಟುವುದಕ್ಕೆ ಬೆಲೆ ಎಷ್ಟು ಅಂತ ತಿಳಿಯಲು ಗೆರೆಯಿಂದ ಸ್ವಲ್ಪ ದಕ್ಷಿಣಕ್ಕೆ ಬನ್ನಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ರೈಲು ದಾರಿ ಬರೀ 55 ಕಿ.ಮೀ., ಸುರಂಗ 57. ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಏರು. ಮಂಗಳೂರು ಬಂದರಿಗೂ ಬೆಂಗಳೂರಿಗೂ ನಡುವೆ ನೇರ ರೈಲಿನಲ್ಲಿ ಸಾಗುವ ಸರಕು ಈ ಏರು ದಾಟಲೇಬೇಕು.

ಕೊನೆಗೆ ದೇಶದ ಲೆಕ್ಕಾಚಾರ. ಕಾರವಾರದಲ್ಲಿ ಆಳದ ನೀರಿದೆ, ಬೆನ್ನಿಗೆ ಬೆಟ್ಟವಿದೆ, ಎದುರಿಗೆ ದ್ವೀಪಗಳಿವೆ, ಮುಂಬೈ ಕೊಚ್ಚಿಗಳ ನಡುವಿನ ಜಾಗ ಬೇರೆ. ಕದಂಬ ನೌಕಾನೆಲೆ 2005ರಲ್ಲಿ ಅಲ್ಲಿಗೆ ಬಂದದ್ದು ಇದಕ್ಕೇ. ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದವರ ವಿಮಾನ ಪರೀಕ್ಷಾ ನೆಲೆ ಬಂತು. ಅಗಲವಾದ ಬಯಲು, ಜನ ವಿರಳ, ಮಳೆ ಕಮ್ಮಿ. ಇಲ್ಲಿ ಭೂಪಟವನ್ನು ಕಣ್ಣು ಮುಚ್ಚಿ ನಂಬಬೇಡಿ. ಅದರಲ್ಲಿ ಖಾಲಿ ಕಾಣುವ ಜಾಗ ಅಮೃತಮಹಲ್ ದನಗಳಿಗೆ ಮೀಸಲಿಟ್ಟಿದ್ದ ಕಾವಲು, ಕುರಿಗಾಹಿಗಳ ಹುಲ್ಲುಗಾವಲು. ಕಂಬಳಿಯ ಉಣ್ಣೆ ಬರುವುದೇ ಆ ಕುರಿಗಳಿಂದ. ಕಾರವಾರದಲ್ಲೂ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ಸರ್ಕಾರಕ್ಕೆ ಸಲೀಸಾಗಿ ಸಿಕ್ಕ ಜಾಗದ ಬೆಲೆ ಅವರು ಕೊಟ್ಟಿದ್ದಾರೆ. ನಿಮ್ಮ ಟಿಪ್ಪಣಿಯಲ್ಲಿ ಅದನ್ನೂ ಬರೆದುಕೊಳ್ಳಿ.

ಹಾಗಂತ ನೆಲವೇ ಎಲ್ಲ ತೀರ್ಮಾನಿಸುತ್ತದೆ ಅಂದುಕೊಳ್ಳಬೇಡಿ. ಬೆಂಗಳೂರಿನ ಪಕ್ಕ ದೊಡ್ಡ ನದಿಯಿಲ್ಲ. ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಿ ತರುತ್ತಾರೆ. ಆದರೂ ಅಷ್ಟು ದೊಡ್ಡ ನಗರ ಬೆಳೆಯಿತು. ತಂಪು ಹವೆ ಒಂದು ಕಾರಣ, ಆದರೆ 1905ಕ್ಕೇ ಶಿವನಸಮುದ್ರದ ವಿದ್ಯುತ್ ಬಂದದ್ದು, 1940ರಲ್ಲಿ ವಿಮಾನ ಕಾರ್ಖಾನೆ ಶುರುವಾದದ್ದು ಜನ ಮಾಡಿದ ತೀರ್ಮಾನಗಳು. ಭೂಪಟದಲ್ಲಿ ಉತ್ತರ ಸಿಗದ ಇಂಥ ಊರು ನಿಮ್ಮ ಗೆರೆಯಲ್ಲಿ ಬಂದರೆ, ಆ ದುಬಾರಿ ಕೆಲಸಕ್ಕೆ ದುಡ್ಡು ಹಾಕಿದವರು ಯಾರು ಅಂತ ಹುಡುಕಿ.